ದ್ರಾ ಕಣಿವೆಯೊಳಗೊಂದು ಹುನಗುಂದದ ಮಾಳಿಗಿ

ನವನಗರ

ಪರದೇಶಕ್ಕೆ ಹೋಗುವವರು ಚೀಲದಲ್ಲಿ ಏನೇನು ತುಂಬಿಕೊಂಡು ಹೋಗುತ್ತಾರೋ ನನಗೆ ಗೊತ್ತಿಲ್ಲ. ನಾನು ಮಣ್ಣು ತುಂಬಿಕೊಂಡು ಹೋದೆ. ಐದು ಪೊಟ್ಟಣ. ಬಾದಾಮಿಯ ಕೆಂಪು ಮಣ್ಣು, ಹುನಗುಂದದ ಕರಿ ಎರಿ, ಇಳಕಲ್ಲ ಕಡೆಯ ಗರಸು, ಕೂಡಲಸಂಗಮದ ಹೊಳಿದಂಡಿಯ ಮೆಕ್ಕಲು, ಐದನೆಯದು ಶಿರೂರಿನ ಹಾಳಮಣ್ಣು. ಈ ಐದನೆಯದೇ ನಮ್ಮ ಬಂಗಾರ. ಯಾವುದೋ ಕಾಲದಲ್ಲಿ ಊರಿದ್ದು ಹಾಳಾದ ದಿಬ್ಬದಿಂದ ತೋಡಿ ತರುವ, ಬೂದಿಬಣ್ಣದ, ನಾಲಿಗೆಗೆ ತುಸು ಉಪ್ಪುಪ್ಪು ಹತ್ತುವ ಮಣ್ಣು. ನಮ್ಮ ಕಡೆ ಮಾಳಿಗಿ ಮನೆಗಳ ಚಪ್ಪಟೆ ಮಾಡಿನ ಮೇಲೆ ಇದನ್ನು ಹರವಿ ಬಡಿದರೆ ಮಳೆನೀರು ಒಳಗಿಳಿಯದೆ ಜಾರಿಹೋಗುತ್ತದೆ.

ನಾನು ಗಿರಿಜಾ. ಸಿವಿಲ್ ಡಿಪ್ಲೊಮಾ ಓದಿ, ಸಿಮೆಂಟು ಬಿಟ್ಟು ಕಲ್ಲು-ಮಣ್ಣಿನ ಮನೆ ಕಟ್ಟುವ ಹುಚ್ಚು ಹಿಡಿಸಿಕೊಂಡವಳು. ಬಾಗಲಕೋಟೆಯ ನವನಗರದಲ್ಲಿ ನನ್ನನ್ನು 'ರಾಡಿ ಗಿರಿಜವ್ವ' ಅಂತ ಕರೆಯುವುದು ನನಗೆ ಗೊತ್ತಿಲ್ಲ ಅಂತ ಮಂದಿ ತಿಳಿದಿದ್ದಾರೆ. ತಿಳಿದುಕೊಳ್ಳಲಿ. ನನ್ನ ಜೊತೆ ಕೆಲಸಕ್ಕಿರುವವರು ಶಿರೂರಿನ ಮೆಹಬೂಬ ಕಾಕಾ, ಅರವತ್ತು ದಾಟಿದ ಗೌಂಡಿ. ಮಣ್ಣನ್ನು ಬಾಯಿಗೆ ಹಾಕಿಕೊಂಡೇ ಅದರ ಗುಣ ಹೇಳುವ ಮನುಷ್ಯ. ಮೊರಾಕ್ಕೊ ದೇಶದ ದ್ರಾ ಕಣಿವೆಯ ಒಂದು ಹಳ್ಳಿಯಲ್ಲಿ ಮಣ್ಣಿನ ಮನೆ ಕಟ್ಟುವವರು ಹದಿನೈದು ದಿನ ಸೇರುತ್ತಾರೆ, ಒಂದೊಂದು ನಾಡಿನವರು ಒಂದೊಂದು ಕೋಣೆಗೆ ತಮ್ಮ ಪದ್ಧತಿಯ ಮಾಡು ಹಾಕಿ ತೋರಿಸಬೇಕು ಅಂತ ನಮ್ಮಿಬ್ಬರಿಗೂ ಕರೆ ಬಂತು. ಪತ್ರ ಓದಿ ನಾನು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ.

ಆದರೆ ನನಗೆ ಅಲ್ಲಿ ಮಾನ ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಕೆಲಸವೊಂದಿತ್ತು. ನಮ್ಮ ಶಾಂತಕ್ಕ ಹುನಗುಂದದಲ್ಲಿ ಮನೆ ಕಟ್ಟಿಸುತ್ತಿದ್ದಳು. ದವಾಖಾನಿಯಲ್ಲಿ ನರ್ಸ್ ಆಗಿ ದುಡಿದವಳು, ಮದುವೆ ಆಗಲಿಲ್ಲ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ತಂಗಿಯ ಮೇಲಿನ ಮಾಯೆಯಿಂದ ಗೋಡೆಯನ್ನು ಕಲ್ಲು-ಮಣ್ಣಿನಲ್ಲಿ ಏರಿಸಲು ಒಪ್ಪಿದ್ದಳು. ಮಾಡಿನ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದಳು.

"ಮಾಳಿಗಿ ನನ್ನ ಕೈಲೆ ಆಗೂದಿಲ್ಲ ಗಿರಿಜಾ. ಮಳಿಗಾಲ ಬಂತಂದ್ರ ನಾ ಯಾರನ್ನ ಕರೀಲಿ? ಸ್ಲ್ಯಾಬ್ ಹಾಕಿ ಕೈ ತೊಳ್ಕೊಂಡ ಬಿಡ್ತೇನಿ."

"ಸೋರಲಾರದ ಮಾಳಿಗಿ ಹಾಕಿ ತೋರಿಸಿದ್ರ ಒಪ್ತೀಯಿಲ್ಲೋ?"

"ತೋರಸು, ಆಮ್ಯಾಲ ನೋಡೂಣು," ಅಂದಳು. ನಾವು ತಿರುಗಿ ಬರುವ ವಾರವೇ ಸ್ಲ್ಯಾಬಿನವರು ಹಲಗೆ ಹೊಡೆಯಲು ಬರುವವರಿದ್ದರು. ಒಮ್ಮೆ ಸಿಮೆಂಟು ಬಿದ್ದರೆ ಮುಗಿಯಿತು. ಸ್ವಂತ ಅಕ್ಕನನ್ನೇ ಒಪ್ಪಿಸಲಾರದವಳು ಊರ ಮಂದಿಗೆ ಯಾವ ಮುಖ ಇಟ್ಟುಕೊಂಡು ಮಣ್ಣಿನ ಮನೆ ಮಾತಾಡಲಿ?

ಕಾಸಾಬ್ಲಾಂಕಾ

ವಿಮಾನದಲ್ಲಿ ಕಾಕಾ ಒಂದು ಕ್ಷಣವೂ ಬೆಲ್ಟು ಬಿಚ್ಚಲಿಲ್ಲ. "ಬಿಚ್ಚಿದ್ರ ನಡೀತೈತ್ರಿ ಕಾಕಾ," ಅಂದರೆ, "ಕಟ್ಟಿದ್ರೂ ನಡೀತೈತಿಲ್ಲೋ ಯವ್ವಾ?" ಅಂತ ಕೇಳಿದರು.

ನಿಜವಾದ ಪಂಚಾಯ್ತಿ ಶುರುವಾದದ್ದು ನೆಲಕ್ಕಿಳಿದ ಮೇಲೆ. ನನ್ನ ಚೀಲ ಯಂತ್ರದೊಳಗೆ ಹೋಗಿ ಬಂತು. ಒಬ್ಬ ಅಧಿಕಾರಿ ಬಂದು, ತಗಿ ಅಂತ ಕೈಸನ್ನೆ ಮಾಡಿದ. ಐದು ಪೊಟ್ಟಣ ಮಣ್ಣು, ಅದರ ಪಕ್ಕಕ್ಕೆ ಅಂಥದ್ದೇ ಪ್ಲಾಸ್ಟಿಕ್ಕಿನಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಎಂಟೂ ಪುಡಿ, ಎಂಟೂ ಒಂದಕ್ಕೊಂದು ಬೇರೆ ಬಣ್ಣ. ಆ ಮನುಷ್ಯನ ಹುಬ್ಬು ಹಣೆಯ ಮೇಲಕ್ಕೆ ಹೋದವು. ಇನ್ನಿಬ್ಬರು ಬಂದರು. ನಾನು ನನ್ನ ಇಂಗ್ಲಿಷಿನಲ್ಲಿ "ಸಾಯಿಲ್, ಸಾಯಿಲ್" ಅಂದೆ. ಅವರು ಫ್ರೆಂಚಿನಲ್ಲಿ ಏನೋ ಅಂದರು.

ಕಾಕಾಗೆ ತಡೆಯಲಾಗಲಿಲ್ಲ. ಮುಂದೆ ಬಂದು, "ಮಣ್ಣ ಐತ್ರಿ ಸಾಹೇಬ್ರ, ಬರೇ ಮಣ್ಣ!" ಅಂತ ಅಚ್ಚ ಕನ್ನಡದಲ್ಲಿ ಹೇಳಿ, ಹಾಳಮಣ್ಣಿನ ಪೊಟ್ಟಣಕ್ಕೆ ಬೆರಳು ಹಾಕಿ, ಒಂದು ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡುಬಿಟ್ಟರು! ಆಮೇಲೆ ಅಧಿಕಾರಿಯ ಕಡೆಗೂ ಒಂದು ಚಿಟಿಕೆ ಚಾಚಿದರು. ನಾನು ಅಲ್ಲೇ ಭೂಮಿಗೆ ಇಳಿದುಹೋಗಬೇಕು ಅನ್ನಿಸಿತು. ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು ನೋಡ್ರಿ, ನಗು ನಿಲ್ಲಲೇ ಇಲ್ಲ.

ನಕ್ಕರೂ ಕಾನೂನು ಬಿಡಲಿಲ್ಲ. ಹೊರಗಿನ ಮಣ್ಣು ದೇಶದೊಳಗೆ ಬರುವಂತಿಲ್ಲವಂತೆ, ಅದರೊಳಗಿನ ಹುಳುಹುಪ್ಪಡಿ ಬೆಳೆಗೆ ಕೇಡಂತೆ. ಅವರು ಹೇಳಿದ್ದು ಸರಿಯೇ. ಮೊದಲೇ ಕೇಳಿ ತಿಳಿದುಕೊಳ್ಳದೆ ಬಂದದ್ದು ನನ್ನ ತಪ್ಪು. ಚಟ್ನಿ ಮೂರನ್ನೂ ಮೂಸಿ ನೋಡಿ, ಒಬ್ಬ ಸೀನಿ, ತಿರುಗಿ ಕೊಟ್ಟರು. ಮಣ್ಣು ಐದೂ ಅಲ್ಲೇ ಉಳಿಯಿತು. ಕಾಕಾ ಹೊರಗೆ ಬಂದ ಮೇಲೂ ಹಿಂದೆ ಹಿಂದೆ ನೋಡುತ್ತಿದ್ದರು.

"ಯವ್ವಾ, ಹಾಳಮಣ್ಣ ಇಲ್ಲದ ನಾವು ಎಂಥಾ ಮಾಳಿಗಿ ಹಾಕೂದು?"

ಒಂದು ಪೊಟ್ಟಣ ಮಾಳಿಗಿಗೆ ಎಲ್ಲಿ ಸಾಕಾಗುತ್ತಿತ್ತು, ಅದು ಬರೇ ತೋರಿಸಲಿಕ್ಕೆ ತಂದದ್ದು. ಅಲ್ಲಿನ ಮಣ್ಣಿನಲ್ಲಿ ಅಂಥದ್ದನ್ನೇ ಹುಡುಕಲು ಗುರುತಿಗೆ ಬೇಕಿತ್ತು. ಇನ್ನು ಕಾಕಾನ ನಾಲಿಗೆಯೇ ಗುರುತು.

ಗುಡ್ಡ ದಾಟಿ

ಬಸ್ಸು ಅಟ್ಲಾಸ್ ಗುಡ್ಡ ಹತ್ತುವಾಗ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಮುಂದಿನ ಸೀಟಿನ ಹೆಣ್ಣುಮಗಳು ಕಿತ್ತಳೆ ಹಣ್ಣಿನ ಸಿಪ್ಪೆಯೊಂದನ್ನು ಕೈಗೆ ಕೊಟ್ಟು, ಮೂಸು ಅಂತ ಸನ್ನೆ ಮಾಡಿದಳು. ನಮ್ಮಲ್ಲಿ ನಿಂಬೆಹಣ್ಣು ಕೊಡುತ್ತಾರೆ, ಅಲ್ಲಿ ಕಿತ್ತಳೆ. ಉಳಿದ ಹಣ್ಣನ್ನು ತಾನೇ ತಿಂದಳು.

ಗುಡ್ಡ ಇಳಿದ ಮೇಲೆ ನೋಡಿದ್ದು ನಾನು ಸಾಯುವತನಕ ಮರೆಯುವುದಿಲ್ಲ. ಎರಡೂ ಕಡೆ ಕೆಂಪು ಬಂಡೆ, ಥೇಟ್ ನಮ್ಮ ಬಾದಾಮಿಯದೇ ಬಣ್ಣ. ನಡುವೆ ಸಣ್ಣದೊಂದು ಹೊಳೆ, ಅದರ ದಂಡೆಯಗುಂಟ ಖರ್ಜೂರದ ತೋಪು, ತೋಪಿನ ಹಿಂದೆ ಮಣ್ಣಿನ ಮನೆಗಳು. ಮನೆ ಅಂದರೆ ಗುಡಿಸಲು ಅಂದುಕೊಂಡೀರಿ! ನಾಲ್ಕು ಅಂತಸ್ತು, ಐದು ಅಂತಸ್ತು, ಮೂಲೆಗೆ ಬುರುಜು, ಎಲ್ಲ ಬರೇ ಮಣ್ಣು! ನಾನು ಕಿಟಕಿಗೆ ಮೂಗು ಹಚ್ಚಿ ಕೂಗಿದೆ. ಬಸ್ಸಿನವರೆಲ್ಲ ಏನೋ ಅವಘಡ ಆಯಿತು ಅಂತ ತಿರುಗಿ ನೋಡಿದರು.

ಚಹಾಕ್ಕೆ ನಿಂತಲ್ಲಿ ಕಾಕಾ ಚಹಾ ಬಿಟ್ಟು ಗೋಡೆ ಕಡೆ ನಡೆದರು. ಅಂಗೈ ಇಟ್ಟರು, ಉಗುರಿನಿಂದ ಕೆರೆದರು, ಕಿವಿ ಹಚ್ಚಿ ಬೆರಳಿನಿಂದ ಬಡಿದು ನೋಡಿದರು. "ಗರಸು ಭಾಳ, ಜಿಗಿ ಕಡಿಮಿ. ಹಲಗಿ ನಡುವ ಹಾಕಿ ದಿಮ್ಮಸಿನಿಂದ ಬಡಿದಾರ. ಒಬ್ಬ ಎಡಗೈಯವ ಬಡಿದಾನ ನೋಡು ಇಲ್ಲಿ," ಅಂದರು. ಆ ಎಡಗೈಯವನು ಸತ್ತು ಎಷ್ಟು ಕಾಲವಾಯಿತೋ ದೇವರೇ ಬಲ್ಲ.

ಮೊದಲ ದಿನಗಳು

ಹಳ್ಳಿಯಲ್ಲಿ ನಮಗೆ ದಿಕ್ಕಾದವರು ಇಬ್ಬರು. ಅಲ್ಲಿನ ಮಣ್ಣಿನ ಉಸ್ತಾದ ಹಸ್ಸನ್, ಕಾಕಾನ ವಯಸ್ಸಿನವರೇ, ನನ್ನ ಮುಂಗೈಯಷ್ಟು ದಪ್ಪ ಬೆರಳು. ಇನ್ನೊಬ್ಬಳು ನಾದಿಯಾ, ನಮ್ಮನ್ನು ಕರೆಸಿದ ಕೇಂದ್ರದಲ್ಲಿ ಕೆಲಸ ಮಾಡುವ ಇಂಜಿನಿಯರ್. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಕಾಕಾಗೆ ಹೇಳುವುದು. ಕಾಕಾಗೆ ಅಷ್ಟು ತಾಳ್ಮೆ ಎಲ್ಲಿಯದು! ಸಲಾಮು ಹೇಳಿ ಮುಗಿದ ಕೂಡಲೇ ನೇರ ಕನ್ನಡಕ್ಕೆ ಇಳಿಯುತ್ತಿದ್ದರು. ಹಸ್ಸನ್ ತಮ್ಮ ಭಾಷೆಯಲ್ಲಿ ಜವಾಬು ಕೊಡುತ್ತಿದ್ದರು. ಇಬ್ಬರೂ ಗೋಡೆ ತೋರಿಸಿಕೊಂಡು ಒಂದು ತಾಸು ಜಗಳಾಡಿ, ಕೊನೆಗೆ ಕೈ ಕುಲುಕಿ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ತಿರುಗಿಸುವ ಕೆಲಸವಿಲ್ಲದೆ ನಾನು ಮತ್ತು ನಾದಿಯಾ ಚಹಾ ಕುಡಿದೆವು.

ಅಲ್ಲಿ ಚಹಾ ಅಂದರೆ ಪುದೀನ ಹಾಕಿದ ಸಕ್ಕರೆ ಪಾನಕ. ಕಿಟ್ಲಿಯನ್ನು ತಲೆ ಎತ್ತರಕ್ಕೆ ಎತ್ತಿ ಸಣ್ಣ ಗ್ಲಾಸಿಗೆ ಸುರಿಯುತ್ತಾರೆ, ಒಂದು ಹನಿ ಹೊರಗೆ ಬೀಳುವುದಿಲ್ಲ. ಕಾಕಾ ತಾವೂ ಎತ್ತಿ ಸುರಿಯಲು ಹೋಗಿ ಹಸ್ಸನ್ನರ ಮೊಣಕಾಲಿಗೆ ಸುರಿದರು. ಊಟಕ್ಕೆ ಗೋಧಿ ನುಚ್ಚಿನಂಥದ್ದನ್ನು ದೊಡ್ಡ ತಾಟಿನಲ್ಲಿ ಹಾಕಿ ಎಲ್ಲರೂ ಸುತ್ತ ಕೂಡುವುದು. ತನ್ನ ಮುಂದಿನದನ್ನಷ್ಟೇ ತಿನ್ನಬೇಕು, ಆದರೆ ಅತಿಥಿಯ ಮುಂದಕ್ಕೆ ಒಳ್ಳೆಯ ತುಂಡುಗಳನ್ನು ಎಲ್ಲರೂ ದಬ್ಬುತ್ತಲೇ ಇರುತ್ತಾರೆ. ನಾನು ಕಾಯಿಪಲ್ಲೆ ಅಷ್ಟೇ ತಿನ್ನುವವಳು ಅಂತ ಗೊತ್ತಾದ ದಿನದಿಂದ ಊರಿನ ಗಜ್ಜರಿಯೆಲ್ಲ ನನ್ನ ಮುಂದೆ ಬಂದು ಬೀಳತೊಡಗಿತು. ಇಳಕಲ್ಲಿನ ಬೀಗರ ಮನೆಯಲ್ಲೂ ನನಗೆ ಇಷ್ಟು ಒತ್ತಾಯ ಆಗಿಲ್ಲ.

ಒಂದು ಮಾತ್ರ ನನಗೆ ಹೊಸದು. ಸಂಜೆಯಾದರೆ ಆ ಊರಿನ ಹೆಂಗಸರೆಲ್ಲ ಮಾಳಿಗಿ ಮೇಲೆ. ಕಾಳು ಹಸನು ಮಾಡುವವರು, ಕೂದಲು ಹಿಕ್ಕುವವರು, ಈ ಮಾಳಿಗಿಯಿಂದ ಆ ಮಾಳಿಗಿಗೆ ಕೂಗಿ ಹರಟುವವರು. ನಮ್ಮಲ್ಲಿ ಮಾಳಿಗಿ ಗಂಡಸರದು. ನಿಚ್ಚಣಿಕಿ ಹಾಕಿ ಬೆಳಕಿಂಡಿಯಿಂದಲೋ ಹಿತ್ತಲ ಗೋಡೆಯಿಂದಲೋ ಹತ್ತಬೇಕು, ಸೀರೆ ಉಟ್ಟವರು ಕೆಳಗೆ ನಿಂತು ಬುಟ್ಟಿ ಎತ್ತಿ ಕೊಡಬೇಕು. ನಾನು ಫೋಟೊ ಹೊಡೆದುಕೊಂಡೆ, ಚಂದ ಅದಾರ ಅಂದೆ, ಅಷ್ಟಕ್ಕೇ ಮರೆತೆ. ಸೋರಲಾರದ ಮಾಳಿಗಿಯೊಂದೇ ನನ್ನ ತಲೆ ತುಂಬ.

ದಿಬ್ಬ

ನಮಗೆ ಕೊಟ್ಟ ಕೋಣೆ ಸಣ್ಣದು. ಗೋಡೆ ಎದ್ದಿತ್ತು, ಖರ್ಜೂರದ ಮರ ಸೀಳಿ ಮಾಡಿದ ತೊಲೆ-ಜಂತಿ ಕೂತಿತ್ತು. ಮೇಲಿನ ಹೊದಿಕೆ ನಮ್ಮದು. ನಾನೂ ಕಾಕಾನೂ ಹಾಳಮಣ್ಣು ಹುಡುಕುತ್ತ ಹೊರಟೆವು. ಊರ ಅಂಚಿಗೆ ಒಂದು ದಿಬ್ಬ ಕಣ್ಣಿಗೆ ಬಿತ್ತು. ಬೂದಿ ಬಣ್ಣ, ನಡುನಡುವೆ ಮಡಕೆ ಚೂರು, ಹುಲ್ಲು ಕಸ. ಕಾಕಾ ಬಾಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣು ಅರಳಿದವು.

"ಉಪ್ಪು ಕಡಿಮಿ. ಆದ್ರ ಹಳೀ ಮಣ್ಣ ಯವ್ವಾ! ಶಿರೂರ ದಿಬ್ಬದ ತಮ್ಮ ಇದು!"

ನಮ್ಮ ಕಡೆ ಹಾಳು ದಿಬ್ಬದ ಮಣ್ಣಿಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಗಾಡಿ ಹೂಡಿಕೊಂಡು ಹೋಗುವುದು, ಹೇರಿಕೊಂಡು ಬರುವುದು. ನಾವೂ ಹಾಗೇ ಮಾಡಿದೆವು. ಕತ್ತೆಗಾಡಿಯೊಂದನ್ನು ಗೊತ್ತು ಮಾಡಿ, ಮುಂಜಾನೆಯಿಂದ ಮಧ್ಯಾಹ್ನದೊಳಗೆ ಆರು ಖೇಪು ಹೊಡೆದೆವು. ನಾನು ಹಾಡಿಕೊಂಡು ತುಂಬಿದೆ. ಏಳನೆಯ ಸಲ ಸಲಿಕೆ ಎತ್ತಿದಾಗ ಒಬ್ಬ ಮುದುಕಿ ಕರಿ ಶಾಲು ಹೊದ್ದು, ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಓಡಿ ಬಂದಳು. ಬಂದವಳೇ ಗಾಡಿಯ ಮೇಲೆ ಹತ್ತಿ ಕುಳಿತುಬಿಟ್ಟಳು! ಬೈಗುಳಕ್ಕೆ ಭಾಷೆ ಬೇಕಿಲ್ಲ. ನಮ್ಮ ಮೂರು ತಲೆಮಾರನ್ನೂ ಎತ್ತಿ ಆಡುತ್ತಿದ್ದಾಳೆ ಅಂತ ತಿಳಿಯಿತು.

ನಾದಿಯಾ ಓಡಿ ಬಂದಳು. ಮುದುಕಿಯ ಹೆಸರು ಲಲ್ಲಾ ಐಶಾ. ನಾದಿಯಾ ಕೇಳಿ ಕೇಳಿ ನನಗೆ ಹೇಳಿದ್ದನ್ನು ನಾನು ಕಾಕಾಗೆ ಹೀಗೆ ಹೇಳಿದೆ: "ಇದು ದಿಬ್ಬ ಅಲ್ಲಂತ್ರಿ ಕಾಕಾ. ಅಕೀ ಮನಿ ಅಂತ."

"ಮನಿ? ಗ್ವಾಡಿ ಎಲ್ಲೈತಿ?"

"ಗ್ವಾಡಿ ಕುಂತಾವಂತ. ಮಳಿಗೆ ಕರಗಿ ಕುಂತಾವಂತ. ಮನಿ ಸತ್ತಿಲ್ಲ, ಕುಂತೈತಿ ಅಷ್ಟ ಅಂತಾಳ. ಇದ ಮಣ್ಣಿನಿಂದ ಮತ್ತ ಎಬ್ಬಸ್ತೇನಿ ಅಂತಾಳ."

ಆ ಊರಿನಲ್ಲಿ ಹಾಗೆಯೇ ಅಂತೆ. ಬಿದ್ದ ಮನೆಯ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಮಗನೋ ಮೊಮ್ಮಗಳೋ ಯಾವತ್ತೋ ಒಂದು ದಿನ ಅದನ್ನೇ ಕಲಸಿ, ಅಲ್ಲೇ ಏರಿಸುತ್ತಾರೆ. ಹುಲ್ಲು ಬೆಳೆದರೂ ಅದು ಮನೆ. ನಾವು ಆರು ಖೇಪು ಹೊಡೆದದ್ದು ಒಬ್ಬ ಹೆಣ್ಣುಮಗಳ ಪಡಸಾಲೆ!

ಕಾಕಾ ಸಲಿಕೆ ಕೆಳಗಿಟ್ಟು, ಟೋಪಿ ತೆಗೆದು, ಎರಡೂ ಕಿವಿ ಹಿಡಿದುಕೊಂಡರು. ನನಗೋ ಅಳುವೇ ಬಂತು. ನಮ್ಮ ಹಳೆ ಬಾಗಲಕೋಟೆಯ ಮನೆ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ನಾವು ತೊಲೆ ಬಿಚ್ಚಿಕೊಂಡೆವು, ಬಾಗಿಲು ಕಿತ್ತುಕೊಂಡೆವು, ಫರಸಿ ಎಬ್ಬಿಸಿಕೊಂಡೆವು. ಮಣ್ಣು ಯಾರಿಗೂ ನೆನಪಾಗಲಿಲ್ಲ. ಅದೂ ಮನೆಯೇ ಅಂತ ನಮಗೆ ಹೇಳುವವರು ಯಾರೂ ಇರಲಿಲ್ಲ. ನಾನು ಗಾಡಿ ಪಕ್ಕ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಲಲ್ಲಾ ಐಶಾ ಬೈಯುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮತ್ತೆ ಬೈದಳು, ಸ್ವಲ್ಪ ಮೆಲ್ಲಗೆ.

ಆರೂ ಖೇಪು ತಿರುಗಿ ಹೇರಿದೆವು. ಅವಳು ದಿಬ್ಬದ ಮೇಲೆ ನಿಂತು, ಇದನ್ನು ಇಲ್ಲಿ ಸುರಿ, ಅದನ್ನು ಅಲ್ಲಿ ಸುರಿ ಅಂತ ಬೆರಳು ತೋರಿಸಿದಳು. ಕೊನೆಗೆ ಪೊರಕೆ ತಂದು ಗಾಡಿಯ ಹಲಗೆಯಲ್ಲಿ ಉಳಿದ ಹುಡಿಯನ್ನೂ ಗುಡಿಸಿ ಹಾಕಿಸಿದಳು. ಎಲ್ಲ ಮುಗಿದ ಮೇಲೆ ಈಗ ತಾನಿರುವ ಮನೆಗೆ ಕರೆದು ಚಹಾ ಕೊಟ್ಟಳು, ಮೂರು ಗ್ಲಾಸು. ಇಷ್ಟಕ್ಕೂ ನಿಮಗೆ ಮಣ್ಣು ಯಾಕೆ ಬೇಕಿತ್ತು ಅಂತ ಆಗ ಕೇಳಿದಳು.

ಉಪ್ಪಿನ ಹೊಲ

ಉಪ್ಪಿನ ಮಣ್ಣು ಅಂತ ನಾದಿಯಾ ಹೇಳಿದ ಕೂಡಲೇ ಲಲ್ಲಾ ಐಶಾ ಗಹಗಹಿಸಿ ನಕ್ಕಳು. ನಮ್ಮನ್ನು ತೋಪಿನ ಆಚೆ ಕರೆದುಕೊಂಡು ಹೋಗಿ ತನ್ನದೊಂದು ಹೊಲ ತೋರಿಸಿದಳು. ಕಾಲುವೆ ನೀರು ನಿಂತು ನಿಂತು ನೆಲವೆಲ್ಲ ಬೆಳ್ಳಗೆ ಪದರುಗಟ್ಟಿತ್ತು. ನಮ್ಮ ಮಲಪ್ರಭೆಯ ಕಾಲುವೆ ಕೆಳಗೂ ಇಂಥ ಸವುಳು ಹೊಲ ಇವೆ. ಒಂದು ಕಾಳು ಬೆಳೆಯದ ನೆಲ. ಎಷ್ಟು ಬೇಕೋ ಒಯ್ಯಿರಿ, ಇದಂತೂ ನನಗೆ ಬೇಡ ಅಂದಳು.

ಕಾಕಾ ಆ ಹೊಲದಲ್ಲಿ ಮಕ್ಕಳ ಹಾಗೆ ಓಡಾಡಿದರು. ಇಲ್ಲೊಂದು ಚಿಟಿಕೆ, ಅಲ್ಲೊಂದು ಚಿಟಿಕೆ. "ಇದು ಗಂಟಲಿಗೆ ಹತ್ತತೈತಿ, ಬ್ಯಾಡ. ಇದು ಸಪ್ಪಗ. ಹಾಂ, ಇದು ನೋಡು! ನಾಲಿಗಿ ತುದಿಗಿ ಅಷ್ಟ ಹತ್ತಿ ಬಿಡ್ತೈತಿ. ಇದ ನಮ್ಮದು!"

ಉಸ್ತಾದ ಹಸ್ಸನ್‌ಗೆ ಸಿಟ್ಟು ಬಂತು. ಉಪ್ಪು ಗೋಡೆಯ ಕಾಲು ತಿನ್ನುತ್ತದೆ, ನಮ್ಮ ಅಜ್ಜಂದಿರು ಅದನ್ನು ಊರೊಳಗೆ ತರಲಿಲ್ಲ, ಇವರು ಮಾಡಿಗೆ ಹಾಕುತ್ತಾರಂತೆ! ಕಾಕಾ ಅಂದರು: "ಗ್ವಾಡಿಗೆ ವಿಷ ಖರೆ. ಮಾಳಿಗಿಗೆ ಔಷಧ ಐತಿ. ಈ ಮಣ್ಣಿನ ಮ್ಯಾಲ ನೀರ ಬಿತ್ತಂದ್ರ ಸಣ್ಣಗ ಅರದಂಗ ಆಗಿ ತೂತೆಲ್ಲ ಮುಚ್ಚತೈತಿ. ಹಾಕಿ ತೋರಸ್ತೇನಿ, ತಡಿ." ನಾನು ತಿರುಗಿಸಿದೆ, ನಾದಿಯಾ ಮತ್ತೆ ತಿರುಗಿಸಿದಳು. ಹಸ್ಸನ್ ಒಂದು ಹೆಂಟೆ ಒಡೆದು ತಾವೂ ನಾಲಿಗೆಗೆ ಹಚ್ಚಿಕೊಂಡರು. ಥೂ ಅಂತ ಉಗುಳಿದರು. ಆದರೆ ತಮ್ಮ ನಾಲ್ಕು ಆಳುಗಳನ್ನು ನಮ್ಮ ಕೆಲಸಕ್ಕೆ ಕೊಟ್ಟರು.

ಮುಂದಿನ ಮೂರು ದಿನ ನನ್ನ ಜೀವನದ ಹಬ್ಬ! ಜಂತಿ ಮೇಲೆ ಜೊಂಡಿನ ಚಾಪೆ, ಚಾಪೆ ಮೇಲೆ ಸಣ್ಣ ಟೊಂಗೆ ಎಲೆ. ಕಾಕಾಗೆ ಲಕ್ಕಿ ಗಿಡದ ಸೊಪ್ಪು ಬೇಕಿತ್ತು, ಸಿಗಲಿಲ್ಲ, ಹುಳ ಹತ್ತದಂಥ ಬೇರೊಂದು ಕಹಿ ಎಲೆಯನ್ನು ಲಲ್ಲಾ ಐಶಾ ಹುಡುಕಿ ತಂದಳು. ಅದರ ಮೇಲೆ ಹೊಟ್ಟು ಹಾಕಿ ತುಳಿದ ರಾಡಿ. ರಾಡಿ ತುಳಿಯಲು ಬೇರೆ ದೇಶದವರೂ ಚಪ್ಪಲಿ ಬಿಟ್ಟು ಇಳಿದರು. ಕೊನೆಗೆ ಒಣಗಿದ ಸವುಳು ಮಣ್ಣು, ಒಂದು ಗೇಣು ದಪ್ಪ, ನೀರು ಹೊರಗೆ ಬೀಳುವ ಹರನಾಳದ ಕಡೆಗೆ ತುಸು ಇಳಿಜಾರು. ಆಮೇಲೆ ಬಡಿಯುವುದು. ಆ ಊರಿನವರು ಬಡಿಯುವಾಗ ಒಬ್ಬ ಒಂದು ಸಾಲು ಹಾಡುತ್ತಾನೆ, ಉಳಿದವರು ದಿಮ್ಮಸು ಎತ್ತಿ ಹಾಕುತ್ತ ಮುಗಿಸುತ್ತಾರೆ. ಅವರ ಹಾಡು ಮುಗಿದ ಕೂಡಲೇ ಕಾಕಾ ನಮ್ಮೂರ ಮೊಹರಮ್ಮಿನ ಅಲಾಯಿ ಪದ ಎತ್ತಿದರು. ಆ ನಾಲ್ವರೂ ಎರಡನೆಯ ಸಾಲಿಗೇ ತಾಳ ಹಿಡಿದುಬಿಟ್ಟರು. ನನಗೆ ಮೈಮೇಲೆ ಮುಳ್ಳೆದ್ದವು.

ದಿನಾ ಸಂಜೆ ಶಾಂತಕ್ಕನಿಗೆ ಫೋಟೊ ಕಳಿಸುತ್ತಿದ್ದೆ. ಅವಳು "ಛಲೋ ಐತಿ" ಅಂತ ಎರಡೇ ಶಬ್ದ ಬರೆಯುತ್ತಿದ್ದಳು. ಒಮ್ಮೆ ಮಾತ್ರ, "ಸ್ಲ್ಯಾಬಿನವ ಫೋನ್ ಮಾಡಿದ್ದ. ಸೋಮವಾರ ಬರ್ತೇನಿ ಅಂದಾನ," ಅಂತ ಬರೆದಳು.

ನೀರು ಸುರಿದ ದಿನ

ಮಾಳಿಗಿ ಒಣಗಿತು. ಪರೀಕ್ಷೆಯ ದಿನ ಊರಿನ ಅರ್ಧ ಮಂದಿ ಬಂದರು. ಹಸ್ಸನ್‌ರ ಆಳುಗಳು ಮೇಲೆ ನಿಂತು ಕೊಡ ಕೊಡ ನೀರು ಸುರಿಯುವುದು, ಉಳಿದವರು ಕೋಣೆಯೊಳಗೆ ನಿಂತು ಮೇಲೆ ನೋಡುವುದು. ನಾನು ಅಕ್ಕನಿಗೆ ವಿಡಿಯೊ ಫೋನ್ ಹಚ್ಚಿದೆ. ಅಲ್ಲಿ ಹುನಗುಂದದಲ್ಲಿ ಸಂಜೆ, ಅವಳು ಕೈಯಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದಳು.

"ನೋಡಕ್ಕಾ, ಚಂದಾಗಿ ನೋಡು!"

ಐದು ಕೊಡ. ಹತ್ತು ಕೊಡ. ಒಂದು ಹನಿ ಇಲ್ಲ! ಹೊರಗೆ ಹರನಾಳದಿಂದ ನೀರು ಧೋ ಅಂತ ಬೀಳುವುದು ಕೇಳುತ್ತಿತ್ತು. ಹಸ್ಸನ್ ಕಾಕಾನ ಬೆನ್ನು ತಟ್ಟಿದರು. ನಾನು ಕುಣಿಯತೊಡಗಿದೆ, ಫೋನೂ ನನ್ನ ಜೊತೆ ಕುಣಿಯಿತು. ಹದಿನೈದು. ಹದಿನೇಳು.

ಟಪ್.

ಹರನಾಳದ ಮೂಲೆಯಲ್ಲಿ, ಗೋಡೆಯೂ ಮಾಡೂ ಕೂಡುವಲ್ಲಿ. ಮತ್ತೊಂದು ಟಪ್. ಎಲ್ಲರ ಕಣ್ಣೂ ಆ ಮೂಲೆಗೆ ಹೋದವು. ನನ್ನ ಕೈ ತನ್ನಷ್ಟಕ್ಕೆ ತಾನೇ ಫೋನನ್ನು ಇನ್ನೊಂದು ಗೋಡೆ ಕಡೆ ತಿರುಗಿಸಿತು. ಖರೆ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಬಂದದ್ದು ಸುಳ್ಳು ಹೇಳುವುದೇ.

"ಯಾಕ ಬೇ, ಯಾಕ ತಿರುವಿದಿ? ಆ ಸಪ್ಪಳ ಏನು?"

ನಾನು ಫೋನನ್ನು ಮೂಲೆಗೆ ಹಿಡಿದೆ. "ಸೋರಾಕತ್ತೈತಕ್ಕಾ," ಅಂದೆ. ಕಾಕಾ ಟೋಪಿ ಸರಿಮಾಡಿಕೊಳ್ಳುತ್ತ ನೆಲ ನೋಡುತ್ತಿದ್ದರು. "ಹರನಾಳದ ಬಾಯಿ ನಾನ ಮೆತ್ತಿದ್ದೆ," ಅಂದರು ಮೆಲ್ಲಗೆ.

ಅಷ್ಟರಲ್ಲಿ ಲಲ್ಲಾ ಐಶಾ ನಮ್ಮನ್ನೆಲ್ಲ ದಬ್ಬಿಕೊಂಡು ಹೊರಗೆ ಹೊರಟಳು. ಬಾಗಿಲ ಬಳಿ ಉಳಿದಿದ್ದ ರಾಡಿಯಿಂದ ಒಂದು ಮುದ್ದೆ ಬುಟ್ಟಿಗೆ ಹಾಕಿಕೊಂಡಳು, ಬುಟ್ಟಿಯನ್ನು ತಲೆ ಮೇಲಿಟ್ಟುಕೊಂಡಳು, ಕೋಣೆಯ ಪಕ್ಕದ ಮಣ್ಣಿನ ಮೆಟ್ಟಿಲು ಹತ್ತತೊಡಗಿದಳು. ಅಲ್ಲಿ ಪ್ರತಿ ಮನೆಗೂ ಗೋಡೆಯ ಜೊತೆಗೇ ಅಂಥ ಮೆಟ್ಟಿಲು ಕಟ್ಟುತ್ತಾರೆ. ಮೊಣಕಾಲಿಗೆ ಬೈದುಕೊಳ್ಳುತ್ತ, ಎರಡು ಕಡೆ ನಿಂತು ಉಸಿರು ಬಿಟ್ಟು, ಹತ್ತಿಯೇ ಹತ್ತಿದಳು. ನಾನು ಫೋನು ಹಿಡಿದುಕೊಂಡೇ ಹಿಂದೆ ಹೋದೆ. ಆಕೆ ಹರನಾಳದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬೆರಳಿನಿಂದ ಬಿರುಕು ಹುಡುಕಿದಳು. ಸಿಕ್ಕಿತು. ರಾಡಿ ತುರುಕಿದಳು, ಅಂಗೈಯಿಂದ ತಿಕ್ಕಿದಳು, ಮೇಲೆ ಒಣ ಸವುಳು ಉದುರಿಸಿ ಮತ್ತೆ ತಿಕ್ಕಿದಳು. ಕೈ ಶಾಲಿಗೆ ಒರೆಸಿಕೊಂಡು, ಇನ್ನು ಸುರಿಯಿರಿ ಅಂತ ಆಳುಗಳಿಗೆ ತಲೆಯಾಡಿಸಿದಳು. ಅವರು ಮೂರು ಕೊಡ ಸುರಿದರು. ಕೆಳಗಿನಿಂದ ಕಾಕಾ ಕೂಗಿದರು: "ನಿಂತ್ತು! ಯವ್ವಾ, ನಿಂತ್ತು!"

ಫೋನಿನಲ್ಲಿ ಅಕ್ಕ ಸೊಪ್ಪು ಕೆಳಗಿಟ್ಟಿದ್ದಳು. ಮುಖ ಪರದೆಯ ತುಂಬ ಬಂದಿತ್ತು.

"ಅಕೀ ಯಾರು?"

"ಲಲ್ಲಾ ಐಶಾ. ನಾವು ಮಣ್ಣ ಕದ್ದಿದ್ವಲ್ಲ, ಅಕೀನ."

"ಮನ್ಯಾಗ ಗಂಡಸರು ಯಾರ ಅದಾರ?"

"ಯಾರೂ ಇಲ್ಲ. ಒಬ್ಬಾಕಿನ."

"ನಿಚ್ಚಣಿಕಿ ಯಾರ ಹಿಡದಿದ್ರು?"

"ನಿಚ್ಚಣಿಕಿ ಎಲ್ಲೀದಕ್ಕಾ, ಮೆಟ್ಟಲಾ ಅದಾವ."

"ತೋರಸು."

ತೋರಿಸಿದೆ. ಮೇಲಿನಿಂದ ಕೆಳತನಕ, ಒಂದೊಂದೇ. ಆಮೇಲೆ ಅವಳು ಆಡಿದ್ದನ್ನು ಇದುವರೆಗೆ ನನ್ನ ಮುಂದೆ ಎಂದೂ ಆಡಿರಲಿಲ್ಲ.

"ಅಪ್ಪಾ ಸತ್ತ ವರ್ಷ ಬಾಗಲಕೋಟಿ ಮನಿ ಸೋರ್ತಿತ್ತು. ನೆನಪೈತೇನು ನಿನಗ?"

"ಐತಿ. ಅವ್ವ ಎಲ್ಲಾ ಕಡೆ ಬೋಗಾಣಿ ಇಟ್ಟಿದ್ಲು. ನಾ ಒಂದೊಂದು ಬೋಗಾಣಿ ಸಪ್ಪಳ ಕೇಳಕೋತ ಆಡತಿದ್ದೆ."

"ನಿನಗ ಬೋಗಾಣಿ ನೆನಪದಾವ. ನನಗ ಬಾಗಲಾ ನೆನಪದಾವ. ಓಣ್ಯಾಗ ಒಂದೊಂದ ಬಾಗಲಾ ಬಡದು, ಅಣ್ಣಾರ ಒಂದೀಟ ನಮ್ಮ ಮಾಳಿಗಿ ಹತ್ರಿ, ಕಾಕಾರ ಒಂದೀಟ ಹತ್ರಿ ಅಂತ ಅಡ್ಡಾಡಿದಾಕಿ ನಾನು. ಕೆಲವರು ಬಂದ್ರು. ಕೆಲವರು ನಾಳಿ ಬರ್ತೇನಿ ಅಂದ್ರು. ಮಳಿ ನಾಳಿತನಕ ನಿಂದರತೈತೇನು? ಸೋರೂದಕ್ಕ ನಾ ಎಂದೂ ಅಂಜಿಲ್ಲ ಗಿರಿಜಾ. ಸೋರೂದಂದ್ರ ಏನು, ಒಂದ ಹಿಡಿ ಮಣ್ಣಿನ ಮಾತು. ಆ ಹಿಡಿ ಮಣ್ಣಿಗೆ ಮಂದಿ ಕಾಲ ಹಿಡೀಬೇಕಲ್ಲ, ಅದಕ್ಕ ಸ್ಲ್ಯಾಬ್ ಅಂದಿದ್ದೆ."

ನಾನು ಮಾಳಿಗಿ ಮೇಲೆಯೇ ಕುಳಿತೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದವಳು ನಾನು, ಮಣ್ಣಿನ ಮನೆಯ ಬಗ್ಗೆ ಊರಿಗೆಲ್ಲ ಭಾಷಣ ಮಾಡಿದವಳು! ಸೋರದಂತೆ ಏನು ಮಾಡಲಿ ಅಂತ ಅರ್ಧ ಲೋಕ ದಾಟಿ ಬಂದೆ. ಮಗ್ಗುಲಲ್ಲಿ ಮಲಗುತ್ತಿದ್ದ ಅಕ್ಕನಿಗೆ ನಿನಗ್ಯಾಕ ಬ್ಯಾಡ ಅಂತ ಒಂದು ಮಾತು ಕೇಳಿರಲಿಲ್ಲ. ಕಣ್ಣೀರು ಬಂತು, ತಡೆಯಲಿಲ್ಲ. ಲಲ್ಲಾ ಐಶಾ ನನ್ನ ಪಕ್ಕ ಬಂದು ಕೂತು, ಫೋನಿನೊಳಗೆ ಇಣುಕಿ, ಅಕ್ಕನಿಗೆ ರಾಡಿ ಹತ್ತಿದ ಕೈ ಬೀಸಿದಳು. ಅಕ್ಕ ಎರಡೂ ಕೈ ಎತ್ತಿ ಮುಗಿದಳು.

"ಹಂಗಾರ ಸ್ಲ್ಯಾಬಿನವಗ ಏನ ಹೇಳಲಿ?" ಅಂತ ಕೇಳಿದೆ.

"ಅವಗ ನಾ ಹೇಳ್ತೇನಿ. ನೀ ಮೊದಲ ಆ ಮೆಟ್ಟಲದ ಅಳತಿ ತಗೋ."

ಟೇಪು ಕೆಳಗೆ ಚೀಲದಲ್ಲಿತ್ತು. ಇಳಿದು ತರುವಷ್ಟು ತಾಳ್ಮೆ ನನಗಿರಲಿಲ್ಲ. ಎದ್ದು ಹೋಗಿ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಫೋನನ್ನು ಲಲ್ಲಾ ಐಶಾಳ ಕೈಗೆ ಕೊಟ್ಟು, ಗೇಣು ಹಾಕಿದೆ. "ಮೂರು ಗೇಣ ಅಗಲ ಐತಕ್ಕಾ!"

"ಸಾಲೂದಿಲ್ಲ," ಅಂದಳು ಶಾಂತಕ್ಕ. "ನಾಲ್ಕು ಮಾಡು. ನಾ ಬುಟ್ಟಿ ಹೊತ್ತು ಹತ್ತಬೇಕು."